ತೊಂಬತ್ತೊಂಬತ್ತಕ್ಕೆ ಶೇಷ ಉಳಿಸದ ತಪ್ಪು

ಓದುಗ ಮಹಾಶಯರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ ಈ ನೆನಪನ್ನೂ ಅದೇ ರೀತಿಯಲ್ಲಿ ಸಲ್ಲಿಸುತ್ತಿದ್ದೇನೆ. ಲೋಪಗಳಿದ್ದಲ್ಲಿ ಮನ್ನಿಸಬೇಕು.

ನಿಜಾಮರ ಆಳಿಕೆಯಲ್ಲಿ ನಾನು ಕಲಬುರಗಿಯ ಒಂದು ಕಚೇರಿಯಲ್ಲಿ ಉಮೇದವಾರನಾಗಿದ್ದೆ. ಅಂದರೆ ಕೆಲಸವಿತ್ತು, ನೌಕರಿ ಇರಲಿಲ್ಲ. ಮೂರು ತಿಂಗಳು ತಪ್ಪಿಲ್ಲದೆ ನಕಲು ಮಾಡಿದರೆ ಖಾಯಂ, ಒಂದು ತಪ್ಪಾದರೂ ಮನೆ. ಇದು ಮೋಮಿನಪುರದಿಂದ ಬರುತ್ತಿದ್ದ ಹಿರಿಯ ಮುನ್ಷಿ ಸಾಹೇಬರ ಷರತ್ತು.

ಕೊನೆಯ ವಾರ ಕಮಲಾಪುರದ ಬಾಳೆಗಿಡಗಳ ಎಣಿಕೆ ಉರ್ದುವಿನಲ್ಲಿ ಬಂತು. ಅದನ್ನು ಕನ್ನಡಕ್ಕೆ ಇಳಿಸಬೇಕಿತ್ತು. ಉರ್ದುವನ್ನು ಬಲದಿಂದ ಎಡಕ್ಕೆ ಓದಬೇಕೆಂದು ಆಗಷ್ಟೇ ಕಲಿತಿದ್ದೆ. ಅದರಲ್ಲೂ ಅಂಕಿಗಳು ಮಾತ್ರ ಎಡದಿಂದ ಬಲಕ್ಕೇ ನಡೆಯುತ್ತವೆ ಎಂಬುದನ್ನು ಇನ್ನೂ ಕಲಿತಿರಲಿಲ್ಲ. ಹೀಗಾಗಿ 21,087 ಗಿಡಗಳು ನನ್ನ ಕೈಯಲ್ಲಿ 78,012 ಆದವು.

ಮೂಲವನ್ನೂ ನಕಲನ್ನೂ ಪಕ್ಕಪಕ್ಕದಲ್ಲಿಟ್ಟು ಕಣ್ಣಿನಿಂದ ಹೋಲಿಸುವುದು ಮುನ್ಷಿ ಸಾಹೇಬರ ದರ್ಜೆಗೆ ತಕ್ಕ ಕೆಲಸವಾಗಿರಲಿಲ್ಲ. ಅವರು ಗಣಿತದಿಂದ ಪರೀಕ್ಷಿಸುತ್ತಿದ್ದರು. ಅಂಕಿಗಳನ್ನೆಲ್ಲ ಕೂಡಿ ಒಂಬತ್ತರಿಂದ ಭಾಗಿಸಿದರು: ಎರಡರ ಮೊತ್ತವೂ ಹದಿನೆಂಟು, ಶೇಷ ಸೊನ್ನೆ. ಬಳಿಕ ಹನ್ನೊಂದರ ಪರೀಕ್ಷೆ: ಒಂದು ಬಿಟ್ಟು ಒಂದು ಅಂಕಿ ಕೂಡಿದರೆ ಒಂಬತ್ತು, ಬಿಟ್ಟವುಗಳನ್ನು ಕೂಡಿದರೂ ಒಂಬತ್ತು, ವ್ಯತ್ಯಾಸ ಸೊನ್ನೆ. ಸಂಖ್ಯೆಯನ್ನು ತಿರುವಿ ಬರೆದರೂ ಈ ಮೊತ್ತಗಳು ಕದಲುವುದಿಲ್ಲವೆಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

“ಬಿಲ್ಕುಲ್ ಸರಿ ಅದ. ಇಂಥಾ ನಕಲು ನಾ ನೋಡಿಲ್ಲಪಾ,” ಎಂದು ಮೊಹರು ಒತ್ತಿದರು.

ತೋಟದವರ ಹೆಬ್ಬೆಟ್ಟು ಪಡೆಯಲು ನನ್ನನ್ನೇ ಕಮಲಾಪುರಕ್ಕೆ ಕಳುಹಿಸಲಾಯಿತು. ಎಣಿಕೆಗೆ ಮುಂದಾಳಾಗಿದ್ದ ಮುದುಕಿಗೆ ಸದರಿ ಸಂಖ್ಯೆಯನ್ನು ಓದಿ ಹೇಳಿದೆ.

“ಕಡೀಕ ಏನಂದ್ರಿ?”

“ಹನ್ನೆರಡು.”

“ಹನ್ನೆರಡಂದ್ರ ಸರಿಜೋಡಿ ಆತಲ್ರೀ. ನಾವು ಜೋಡಿ ಹಿಡದು ಎಣಿಸೀವಿ. ಎಲ್ಲಾ ತ್ವಾಟದ ಒಂಟಿ ಗಿಡ ಕೂಡಿಸಿ ಜೋಡಿ ಹಚ್ಚಿದ್ರೂ ನಮ್ಮ ಬಾವಿ ಬಾಜೂದು ಒಂದು ಉಳದದ. ಅದಕ್ಕ ಕಲಬುರಗ್ಯಾಗ ಮದಿವಿ ಮಾಡೀರೇನು?”

“ಯವ್ವಾ, ನಮ್ಮ ಸಾಹೇಬ್ರು ಎರಡೆರಡು ಪರೀಕ್ಷಾ ಮಾಡ್ಯಾರ.”

“ಮಾಡ್ಲಿ ಬಿಡ್ರಿ. ಗಿಡ ಒಂಟೀನೇ ನಿಂತದ. ಬೇಕಾದ್ರ ಹೋಗಿ ಅದನ್ನೇ ಕೇಳ್ರಿ.”

ಆಕೆ ಹೆಬ್ಬೆಟ್ಟು ಒತ್ತಲಿಲ್ಲ.

ಮರಳುವ ಗಾಡಿಯಲ್ಲಿ ಉರ್ದು ಮೂಲವನ್ನು ಮತ್ತೆ ತೆರೆದು ಅಂಕಿಗಳನ್ನು ಎಡದಿಂದ ಓದಿದೆ; ಕಡೆಯದು ಏಳು, ಮುದುಕಿಯ ಒಂಟಿ ಗಿಡ ಅಲ್ಲೇ ಇತ್ತು. ನೌಕರಿಯ ಆಸೆಗೆ ತಿಲಾಂಜಲಿ ಕೊಟ್ಟು, ಬೇರೆ ಉದ್ಯೋಗವಿಲ್ಲದೆ ಎರಡೂ ಸಂಖ್ಯೆಗಳ ವ್ಯತ್ಯಾಸ ತೆಗೆದೆ: 56,925. ಒಂಬತ್ತನ್ನೂ ಹನ್ನೊಂದನ್ನೂ ಗುಣಿಸಿದರೆ ಬರುವ ತೊಂಬತ್ತೊಂಬತ್ತರಿಂದ ಅದೂ ನಿಶ್ಶೇಷವಾಗಿ ಭಾಗವಾಯಿತು. ಕಚೇರಿಯ ಯಾವ ಪರೀಕ್ಷೆಗೂ ಸಿಕ್ಕದಷ್ಟು ನಿರ್ದೋಷವಾದ ತಪ್ಪನ್ನು ನಾನು ಮಾಡಿದ್ದೆ.

ಎಲ್ಲವನ್ನೂ ಒಪ್ಪಿಕೊಂಡು ಕಾಗದವನ್ನು ಮುನ್ಷಿ ಸಾಹೇಬರ ಮುಂದಿಟ್ಟೆ. ಅವರು ನನ್ನ ಅಂಕಿಗಳನ್ನು ನೋಡಿದರು; ಅದರ ಕೆಳಗಿದ್ದ ತಮ್ಮ ಮೊಹರನ್ನು ಇನ್ನೂ ಹೆಚ್ಚು ಹೊತ್ತು ನೋಡಿದರು.

“ತಪ್ಪು ಅಂತ ಬರದ್ರ ಇಬ್ಬರ ಹೆಸರೂ ಬರಿಬೇಕಾಗ್ತದ,” ಎಂದರು. “ಹೊಸಾ ಕಾಗದ ತೊಗೋ.”

ಮುಂದಿನ ವಾರ ನಾನು ಖಾಯಂ ಆದೆ. ಒಂದೂ ತಪ್ಪಿಲ್ಲದೆ ನಕಲು ಮಾಡಿದನೆಂದು ಹುಕುಮಿನಲ್ಲಿ ನಮೂದಾಗಿದೆ. ಅದೇ ದಿನ, ಪ್ರತಿಯೊಂದು ಸಂಖ್ಯೆಯೂ ಬೆಸವೋ ಸಮವೋ ಎಂದು ನೋಡತಕ್ಕದ್ದೆಂಬ ಮೂರನೆಯ ಪರೀಕ್ಷೆ ಮುನ್ಷಿ ಸಾಹೇಬರ ಹೆಸರಿನಲ್ಲಿ ಜಾರಿಗೆ ಬಂತು. ಬಾವಿ ಪಕ್ಕದ ಬಾಳೆಗಿಡದ ಉಲ್ಲೇಖ ಅದರಲ್ಲಿಲ್ಲ. ಆದಕಾರಣ ಇಲ್ಲಿ ನಿವೇದಿಸಿದ್ದೇನೆ.