ನೆಲುವಿಗೇರಿದ ತೊಗರಿಬ್ಯಾಳಿ

ಸೊನ್ನದ ಅಂಬಿಗರ ಅಣ್ಣಾರಾಯ ಒದರಿದ್ರ, ಭೀಮಾ ಹೊಳಿ ಆಚೆ ದಂಡಿಮ್ಯಾಗ ಮಲಗಿದ್ದ ನಾಯಿ ಎದ್ದು ಈಜಿಕೋತ ಈಚೆ ಬರ್ತಿತ್ತಂತ. ನಿಜಾಮನ ಕಾಲದಾಗ ಒಮ್ಮೆ ಅಂವ ಹರಗೋಲದಾಗ ಒಂದು ಎಮ್ಮಿ, ಅದರ ಕರ, ಎಮ್ಮಿ ಮಾಲಕನ ಅತ್ತಿ, ಎಲ್ಲಾರನ್ನೂ ಕೂಡೇ ದಾಟಿಸಿದ್ದ. "ಎಮ್ಮಿ ಹಗುರ ಇತ್ರಿ, ಅತ್ತಿ ಮಾತ ಭಾರ ಆತು," ಅಂತಿದ್ದ. ಅದಿರ್ಲಿ.

ಅಂಥ ಗಂಡಾಳು ತಮ್ಮ ದತ್ತಪ್ಪನ ಮುಂದ ಬೆಣ್ಣಿ. ಥಂಡ್ಯಾಗ ಹುಟ್ಟು ಹಾಕಿ ರಟ್ಟಿ ಸೇದ್ತಾವ ಅಂತ ತಮ್ಮ ಅಂದಾಗ, ದುಕಾನದಿಂದ ಅಫೀಮು ತಂದು ತಾನ ಅವನ ಬಾಯಾಗ ಇಟ್ಟ. ಆಮ್ಯಾಲ ಅದ ರೂಢಿ ಆತು.

ಮಳಿಗಾಲದಾಗ ಹೊಳಿ ರಾಡಿ ನೀರು ಕುಡಿದು ದತ್ತಪ್ಪಗ ಕಾಮಣಿ ಬಂತು. ಕಣ್ಣು, ಉಗುರು ಎಲ್ಲಾ ಹಳದಿ. ಹಳದಿ ಬ್ಯಾನಿಗೆ ಹಳದಿ ಪದಾರ್ಥ ವೈರಿ ಅಂತ ಹಿರ್ಯಾರ ಮಾತು ಹಿಡಿದ ಅಣ್ಣಾರಾಯ. ತೊಗರಿ ನಾಡಾಗ ಹುಟ್ಟಿದವಗ ತೊಗರಿಬ್ಯಾಳಿನೇ ಬಂದ್! ಬ್ಯಾಳಿ ಗಡಗಿ ನೆಲುವಿಗೆ ಏರ್ತು. ಹಾಲಿಲ್ಲ, ತುಪ್ಪಿಲ್ಲ, ನೀರಿನಂಥ ಅಂಬಲಿ ಅಷ್ಟ. ಹಸಿವಿ ಅಂತ ತಮ್ಮ ಅತ್ರ ಮತ್ತಷ್ಟು ಅಫೀಮು. ಹಸಿವಿ ಅಡಗ್ತಿತ್ತು.

"ನೋಡವಾ ಭಾಗಮ್ಮ, ನಿನ್ನ ಗಂಡ ಕೂಳು ಕೇಳೋದು ಬಿಟ್ಟಾನ. ಪತ್ಯ ಹತ್ಯದ," ಅಂದ ಖುಷಿಲೆ.

ಕದದ ಮರಿಗೆ ನಿಂತು ಭಾಗಮ್ಮ ಅಂದ್ಲು, "ಭಾವಾರ, ಕೂಳು ಕೇಳೋದಲ್ಲ, ಕಣ್ಣ ತೆರಿಯೋದೂ ಬಿಟ್ಟಾರ."

ಅವತ್ತ ಅಫಜಲಪುರದ ಹಕೀಮ ಜಹೀರುದ್ದೀನ ಹೊಳಿ ದಾಟಾಕ ಬಂದ. ಭಾಗಮ್ಮ ಸೆರಗು ಎಳಕೊಂಡು ಹರಗೋಲಕ್ಕ ಅಡ್ಡ ನಿಂತ್ಲು. "ಮೊದ್ಲ ನನ್ನ ಗಂಡನ್ನ ನೋಡ್ರಿ. ಆಮ್ಯಾಲ ಆಚೆ ದಂಡಿ ನೋಡಕೋಳ್ರಂತ."

ಹಕೀಮ ದತ್ತಪ್ಪನ ಹೊಟ್ಟಿ ಬಲಕ್ಕ ಒತ್ತಿ ನೋಡಿದ. "ಇಲ್ಲಿ ಜಿಗರ್ ಅದ, ಯಕೃತ್ತು ಅಂತೀರಲ್ಲ ಅದು. ತಿಂದದ್ದು, ಕುಡಿದದ್ದು, ನಶಾ, ಎಲ್ಲಾದರ ಹೊರಿ ಇದಕ್ಕ. ರಾಡಿ ನೀರಿನ ರೋಗ ಇದನ್ನ ಕೆಡವೇದ. ಕೂಳಿಲ್ಲದ ಏಳೋದು ಹ್ಯಾಂಗ? ಮ್ಯಾಲ ಅಫೀಮು ಬ್ಯಾರೆ. ಸೋತ ಜಿಗರಿಗೆ ಅದನ್ನ ಕರಗಸಾಕ ಆಗಂಗಿಲ್ಲ. ಮೈಯಾಗ ಉಳಕೊಂಡು ಮನಷಾನ್ನ ಕೆಡವಿ ಮಲಗಸ್ತದ. ಇದ್ಯಾವ ದುಶ್ಮನನ ಕೆಲಸರಿ?"

ಅಣ್ಣಾರಾಯ ತನ್ನ ಕೈ ನೋಡಿಕೊಂಡ. ಅವ್ವ ಸತ್ತಾಗ ಇದ ಕೈಲೆ ತುತ್ತು ಹಾಕಿ ತಮ್ಮನ್ನ ಬೆಳೆಸಿದ್ದ. ಈಗ ಇದ ಕೈ ತುತ್ತು ಕಸಗೊಂಡಿತ್ತು.

"ನೀರು ಕಾಸಿ ಕುಡಸ್ರಿ," ಅಂದ ಹಕೀಮ. "ಅಫೀಮು ನಾ ಹೇಳ್ದಂಗ ಇಳಸ್ರಿ. ಬ್ಯಾಳಿ, ಅನ್ನ ಮೆತ್ತಗ ಕುದಿಸಿ ಥೋಡೆ ಥೋಡೆ ಉಣಸ್ರಿ. ಉಳಸೋದು ಮ್ಯಾಲಿನಾಂವನ ಕೈಯಾಗ."

ದಿನಾ ಹೋದಂಗ ದತ್ತಪ್ಪಗ ಎಚ್ಚರ ಬಂತು. ಭಾಗಮ್ಮ ಬ್ಯಾಳಿ ಅನ್ನ ಬಾಯಿತನಕ ಒಯ್ದ್ರ, ಅಂವ ಬಾಯಿ ತೆರೀದೆ ಅಣ್ಣನ ಮಾರಿ ನೋಡಿದ.

"ಅಣ್ಣಾ, ಹಳದಿ ಅದಲ್ಲೋ. ತಿನ್ಲೇನು?"

"ತಿನ್ನಲೇ ತಮ್ಮಾ. ಇನ್ನ ನನ್ನ ಮಾತ ಕೇಳಬ್ಯಾಡ."

"ಮತ್ತ ಯಾರದ ಕೇಳ್ಲಿ?" ಅಂದು ಬಾಯಿ ತೆರೆದ ದತ್ತಪ್ಪ.

ಅಣ್ಣಾರಾಯ ಎದ್ದು ಹೊರಗ ಹೋದ.

ದತ್ತಪ್ಪ ಉಳದ. ಖರೇ, ಹುಟ್ಟು ಹಿಡಿಯೋ ತ್ರಾಣ ಮತ್ತ ಬರ್ಲಿಲ್ಲ. ಇಬ್ಬರ ಪಾಲಿನ ದುಡಿಮಿ ಅಣ್ಣಾರಾಯ ಒಬ್ಬನ ದುಡಿದ. ಯಾರರ ಹರಗೋಲದಾಗ ಕುಂತು, "ತಮ್ಮನ್ನ ದೇವರಂಗ ಸಾಕಿದಿ ಬಿಡೋ," ಅಂದ್ರ ಸಾಕು, ನಡು ಹೊಳ್ಯಾಗ ಹರಗೋಲ ಗರಗರ ತಿರುಗಿಸ್ತಿದ್ದ, ಅವರು ಹೊಗಳೋದು ಬಿಟ್ಟು ಹರಗೋಲದ ಅಂಚು ಹಿಡ್ಯೋತನಕ.