ಅರಗು, ರಾಳ ಮತ್ತು ಎರಡು ಚಮಚ ಹರಳೆಣ್ಣೆ

ಅರಗು ನನಗೆ ಇಂದಿಗೂ ಅರಗಿಲ್ಲ. ಹುಣಸೂರಿನ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ಇದನ್ನು ಒಪ್ಪಿಕೊಳ್ಳಬಾರದು; ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏನು?

ಮಹಾರಾಜರ ವರ್ಧಂತಿಯ ರಜೆಯ ದಿನ ನಮ್ಮ ಈಳಿಗೆಮಣೆಯ ಅಲಗು ಬುಡದಲ್ಲಿ ಸಡಿಲವಾಗಿ ಅಲ್ಲಾಡತೊಡಗಿತು. "ಕರೀಂ ಸಾಹೇಬರ ಹತ್ರ ಅರಗು ಹಾಕಿಸ್ಕೊಂಡು ಬನ್ನಿ," ಎಂದಳು ನನ್ನ ಹೆಂಡತಿ ಸೀತೆ. ಸಾಹೇಬರು ಚಾಕು, ಕುಡುಗೋಲುಗಳಿಗೆ ಹಿಡಿ ಕೂರಿಸುವವರು. ಇಷ್ಟಕ್ಕೆ ಅವರೇಕೆ ಎಂದು ನಾನೇ ಅರಗನ್ನೂ ರಾಳವನ್ನೂ ಸಮಸಮ ಕರಗಿಸಿ ಅಲಗಿನ ಬುಡಕ್ಕೆ ಸುರಿದೆ. ಆರಿದ ಮೇಲೆ ಗಾಜಿನಂತೆ ಹೊಳೆಯಿತು. ಮೊದಲ ಬದನೆಕಾಯಿಗೆ ಗಾಜಿನಂತೆಯೇ ಒಡೆಯಿತು. ಕೊಂಚ ಮೆದುವಾಗಲೆಂದು ಎರಡು ಚಮಚ ಹರಳೆಣ್ಣೆ ಬೆರೆಸಿ ಮತ್ತೆ ಕೂರಿಸಿದೆ. ಈ ಸಲ ಒಡೆಯಲಿಲ್ಲ. ಮಣೆಯನ್ನು ತೊಳೆದು ಬಿಸಿಲಿಗಿಟ್ಟಿದ್ದ ಸೀತೆ, ಒಳಗೆ ತಂದು ಕುಂಬಳಕಾಯಿ ಒತ್ತಿದಳು. ಅಲಗು, ಊಟ ಮುಗಿಸಿದ ಬೀಗರ ಹಾಗೆ, ಮೆಲ್ಲಗೆ ಪಕ್ಕಕ್ಕೆ ಒರಗಿತು. ಅವಳ ಅಂಗೈ ಕುಯ್ದುಹೋಯಿತು.

ಗಾಯಕ್ಕೆ ಬಟ್ಟೆ ಕಟ್ಟಿ, ಮಣೆ ಎತ್ತಿಕೊಂಡು ಸಾಹೇಬರ ಅಂಗಡಿಗೆ ಹೋದೆ.

"ಇಟ್ಟಿಗೆ ಪುಡಿ ಎಷ್ಟು ಆಕಿದ್ರಿ ಮೇಷ್ಟ್ರೇ?" ಎಂದರು ಸಾಹೇಬರು.

"ಹಾಕಲಿಲ್ಲ. ಅದು ಕರಗೋದೂ ಇಲ್ಲ, ಅಂಟೋದೂ ಇಲ್ಲ. ಅದ್ಯಾಕೆ?"

"ಅದಿದ್ರೇನೇ ಗಟ್ಟಿ ಕಣ್ರೀ."

ಅವರು ಅರಗು ಕರಗಿಸಿ, ಪುಡಿ ಉದುರಿಸಿ, ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟರು. ನಡುನಡುವೆ ಕಡ್ಡಿಯಿಂದ ಎಳೆ ತೆಗೆದು ಬೆರಳಲ್ಲಿ ಬಗ್ಗಿಸಿ ನೋಡಿದರು. ನಾನು ಪೆನ್ಸಿಲ್ ಹಿಡಿದು ಅಳತೆ ಕೇಳಿದೆ.

"ಇದು ಎಗ್ಗಡದೇವನಕೋಟೆ ಕಡೇದು, ಅಳೇ ಅರಗು. ಎಣ್ಣೆ ಜಾಸ್ತಿ ಕೇಳ್ತದೆ. ಒಸದಾದ್ರೆ ಇಷ್ಟು ಬ್ಯಾಡ."

ಬರೆದುಕೊಳ್ಳುವುದೇನು? ಸೋತವನಂತೆ ಕಾಣಬಾರದೆಂದು, ಮೈಸೂರಿನಿಂದ ತರಿಸಿದ ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ: ಇಂಥ ಪದಾರ್ಥದ ಕಣಗಳು ಸರಪಳಿಯ ಹಾಗೆ ಕೊಂಡಿ ಹಾಕಿಕೊಂಡಿರುತ್ತವೆ, ಎಣ್ಣೆ ನಡುವೆ ನುಸುಳಿ ಅವು ಜಾರುವಂತೆ ಮಾಡುತ್ತದೆ. ಸಾಹೇಬರು ಮರ್ಯಾದೆಯಿಂದ ಪೂರ್ತಿ ಕೇಳಿದರು.

"ಇದ್ರೂ ಇರಬೈದು. ನಾನು ಒಳಗೋಗಿ ನೋಡಿಲ್ಲ ಬುಡಿ," ಎಂದರು.

ನಾನೂ ನೋಡಿರಲಿಲ್ಲ.

ಗಾಯ ಮಾಯುವವರೆಗೆ ತರಕಾರಿ ಹೆಚ್ಚಿದವನು ನಾನೇ. ಅಲಗು ಮಿಸುಕಲಿಲ್ಲ. ಒಂದು ಬೆಳಿಗ್ಗೆ ಸೀತೆ ಬಂದು ಅಲಗನ್ನು ಎಡಕ್ಕೂ ಬಲಕ್ಕೂ ಒತ್ತಿ ನೋಡಿ, "ಏಳಿ, ನಿಮ್ಮ ಹೋಳು ಒಂದೊಂದು ಒಂದೊಂದು ಗಾತ್ರ," ಎಂದು ಮಣೆಯನ್ನು ತನ್ನ ಕಡೆಗೆಳೆದುಕೊಂಡಳು. ನನ್ನ ಎದೆ ಹಗುರವಾಯಿತು.

ಆ ದಿನವೇ ತರಗತಿಯಲ್ಲಿ ಮಿಶ್ರಣಗಳ ಪಾಠ. ಉತ್ಸಾಹದಲ್ಲಿ ಅರಗಿನ ಕಥೆ ಹೇಳಿಬಿಟ್ಟೆ. "ಕೊಂಚ ಎಣ್ಣೆ ಒಳ್ಳೇದು ಮಾಡಿ, ಜಾಸ್ತಿ ಎಣ್ಣೆ ಕೆಡಿಸೋದು ಯಾಕೆ ಸಾರ್? ಎಷ್ಟಕ್ಕೆ ನಿಲ್ಲಿಸ್ಬೇಕು?" ಎಂದು ಯಾರೋ ಕೇಳಿದರು. ಹಲಗೆಯ ಕಡೆ ತಿರುಗಿ ಸೀಮೆಸುಣ್ಣ ಎತ್ತಿದೆ, ಮತ್ತೆ ಇಳಿಸಿದೆ.

"ನನಗೆ ಸರಿಯಾಗಿ ಗೊತ್ತಿಲ್ಲಪ್ಪ," ಎಂದೆ.

ಇಡೀ ತರಗತಿ ನೆಟ್ಟಗೆ ಕೂತಿತು. ಇಷ್ಟು ವರ್ಷ ನಾನು ಹೇಳಿದ ಪಾಠದಲ್ಲಿ ಮಕ್ಕಳು ಅಷ್ಟು ಗಮನವಿಟ್ಟು ಕೇಳಿದ್ದು ಅದೊಂದೇ ಮಾತು.