ನಮ್ಮ ಮನೆಯ ಗಾಳಿಪಟ

ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯ ಗೋಡೆಗೆ ಅದು ಬಂದು ಕೂರುತ್ತದೆ. ಜೋಳದ ಕಾಳಿಗಿಂತ ತುಸು ದೊಡ್ಡದು, ಒಲೆಯ ಬೂದಿಯ ಬಣ್ಣ. ಮುಟ್ಟಿದರೆ ಬೆರಳಿಗೆ ಪುಡಿ ಮೆತ್ತುತ್ತದೆ. ಐನಾಪುರದಲ್ಲಿ ಯಾರನ್ನು ಕೇಳಿದರೂ ಹುಳ ಎನ್ನುತ್ತಾರೆ, ಮುಗಿಯಿತು. ನಮ್ಮ ಮನೆಯಲ್ಲಿ ಮಾತ್ರ ಅದಕ್ಕೊಂದು ಹೆಸರಿದೆ.

ಆ ಹೆಸರು ಹುಟ್ಟಿದ್ದು ನನ್ನ ದೊಡ್ಡಸ್ತಿಕೆಯಿಂದ. ಮದುವೆಯಾದ ಹೊಸತು. ಹೆಂಡತಿ ಮಿರಜ ಕಡೆಯವಳು, ತವರಿನ ಮಾತು ಮರಾಠಿ. ಅವಳ ಮುಂದೆ ಶಾಲೆಯ ಕನ್ನಡ ಝಾಡಿಸುವ ಚಟ ನನಗೆ. ಗೋಡೆಯ ಹುಳ ನೋಡಿ, "ಪತಂಗ ಬಂದೈತಿ ನೋಡ" ಎಂದೆ. ಮರಾಠಿಯಲ್ಲಿ ಪತಂಗವೆಂದರೆ ಗಾಳಿಪಟ. ಹಿಟ್ಟಿನ ಕೈಯಲ್ಲೇ ದಡದಡ ಮಾಳಿಗೆ ಹತ್ತಿದಳು. ಮೇಲಿಂದ ಕೂಗಿದಳು: "ಎಲ್ಲೈತ್ರಿ? ಬರೇ ಮುಗಿಲ ಐತಲ್ರಿ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಸಿಟ್ಟಿಗೆದ್ದು ಅವತ್ತು ನನಗೆ ಪಲ್ಯ ಬಡಿಸಲಿಲ್ಲ, ಬರೀ ರೊಟ್ಟಿ. ಮರುದಿನ ಹುಳ ಬಂದಾಗ ಮಾತ್ರ ತಾನೇ, ನಿಮ್ಮ ಗಾಳಿಪಟ ಬಂತು ನೋಡ್ರಿ ಎಂದಳು. ಅಂದಿನಿಂದ ಅದು ಗಾಳಿಪಟ. ನಮಗೆ ಮಕ್ಕಳಾಗಲಿಲ್ಲ. ಆ ಮಾತು ನಮ್ಮಿಬ್ಬರಲ್ಲೇ ಉಳಿಯಿತು.

ಅವಳು ತೀರಿಹೋದ ಮೇಲೆ ನನ್ನನ್ನು ಯಾರೂ ಉಪವಾಸ ಕೆಡವಿಲ್ಲ, ಸುಳ್ಳೇಕೆ ಹೇಳಲಿ. ಓಣಿಯವರು ಬುತ್ತಿ ಕಳಿಸುತ್ತಾರೆ. ಆದರೆ ಗಾಳಿಪಟ ಬಂತು ಎಂದರೆ ತಿಳಿಯುವವರು ಒಬ್ಬರೂ ಇಲ್ಲ. ಅದೇ ದೊಡ್ಡ ಸಂಕಟ. ಒಮ್ಮೆ ಪಕ್ಕದ ಮನೆಯವನಿಗೆ ಈ ಕತೆ ಹೇಳಿದೆ. ಪಾಪ, ನಗಬೇಕಲ್ಲ ಎಂದು ನಕ್ಕ. ಅವನ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬಂತು.

ಮೊನ್ನೆ ದ್ರಾಕ್ಷಿ ಬಳ್ಳಿಯ ರೋಗ ನೋಡಲು ಬಂದ ಅಧಿಕಾರಿಯೊಬ್ಬ ಸಂಜೆ ನಮ್ಮಲ್ಲಿ ಚಹಾಕ್ಕೆ ಕೂತಿದ್ದ. ಗೋಡೆಯ ಹುಳ ಕಂಡು ಕಪ್ಪು ಕೆಳಗಿಟ್ಟು ಎದ್ದ. ಮೊಬೈಲಿನಲ್ಲಿ ಫೋಟೊ ಹೊಡೆದು, ಹಿಗ್ಗಿಸಿ ನೋಡಿ, ಇದನ್ನು ತಾನೂ ಕಂಡಿಲ್ಲ ಎಂದ.

"ಬೆಳಿಗೆ ತ್ರಾಸ ಕೊಡೂ ಹುಳ ಅಲ್ರಿ ಇದು. ಅದಕ್ಕ ಯಾರೂ ಇದರ ಗೊಡವಿಗೆ ಹೋಗಿಲ್ಲ."

ಇಲ್ಲಿನ ಜನ ಏನೆನ್ನುತ್ತಾರೆ ಎಂದು ಕೇಳಿದ. ಗಾಳಿಪಟ ಎಂದೆ. ಹಾಗೆ ಯಾರು ಯಾರು ಕರೆಯುತ್ತಾರೆ ಎಂದು ಮತ್ತೆ ಕೇಳಿದ.

"ನಮ್ಮ ಮನ್ಯಾಗ ಎಲ್ಲಾರೂ ಹಂಗ ಅಂತೀವ್ರಿ."

ಅವನು ಒಮ್ಮೆ ಒಳಗೆ ಇಣುಕಿದ, ಒಮ್ಮೆ ನನ್ನ ಮುಖ ನೋಡಿದ. ಉಳಿದ ಚಹಾ ಕುಡಿದು ಹೊರಟ.

ಗಾಡಿಯ ಸದ್ದು ಅಡಗಿದ ಮೇಲೆ ಒಳಗೆ ಬಂದೆ. ಹುಳ ಅಲ್ಲೇ ಇತ್ತು. ಎಷ್ಟೋ ವರ್ಷಗಳ ಮೇಲೆ ಆ ಹಳೇ ಮಾತನ್ನೇ ಜೋರಾಗಿ ಹೇಳಿದೆ.

"ಪತಂಗ ಬಂದೈತಿ ನೋಡ."

ಮಾಳಿಗೆಯ ಮೆಟ್ಟಿಲನ್ನು ಯಾರೂ ಹತ್ತಲಿಲ್ಲ.